ಭುಜದ ಸುಣ್ಣ ಮತ್ತು ಮಡಿ ಕೋಲು

ಆ ವರ್ಷ ನನ್ನ ಜಡೆ ನನ್ನ ಕೈಗೇ ಎಟುಕುತ್ತಿರಲಿಲ್ಲ. ಬಲಗೈ ಕಿವಿಯವರೆಗೆ ಬಂದು ನಿಂತುಬಿಡುತ್ತಿತ್ತು. ಅದರಾಚೆ ಎತ್ತಿದರೆ ಭುಜದೊಳಗೆ ದಬ್ಬಣ ಚುಚ್ಚಿದ ಹಾಗೆ. ಹೈಸ್ಕೂಲಿಗೆ ಹೋಗುವ ಮಗಳ ತಾಯಿ ನಾನು, ದಿನಾ ಮಧ್ಯಾಹ್ನ ಅತ್ತೆ ಊಟ ಮುಗಿಸಿ ಮಡಿ ಬಿಡುವುದನ್ನೇ ಕಾದು, ಅವರ ಮುಂದೆ ಮಣೆ ಹಾಕಿಕೊಂಡು ತಲೆ ಬಾಚಿಸಿಕೊಳ್ಳಬೇಕಿತ್ತು. ಅಲ್ಲಿಯವರೆಗೆ ಕೆದರಿದ ಕೂದಲಲ್ಲೇ ಓಡಾಟ. ಅತ್ತೆ ಹರಳೆಣ್ಣೆ ಸುರಿದು, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು. ಸ್ವಲ್ಪ ಮಿಸುಕಿದರೆ, "ಅಲ್ಲಾಡ್ಬೇಡ ಕಣೇ!" ಎಂದು ಬಾಚಣಿಗೆಯಲ್ಲೇ ನೆತ್ತಿಗೊಂದು ಏಟು.

ಎಕ್ಸ್‌ರೇಯಲ್ಲಿ ಭುಜದ ಕೀಲಿನ ಹತ್ತಿರ ಅಕ್ಕಿ ನುಚ್ಚಿನಷ್ಟು ಬಿಳಿ ಕಂಡಿತು. ಸ್ನಾಯುವಿನ ಕೊನೆಯಲ್ಲಿ ಸುಣ್ಣದಂಥದ್ದು ಕಟ್ಟಿಕೊಂಡಿದೆ ಎಂದರು ನಮ್ಮೂರ ಡಾಕ್ಟರು. ಮನೆಗೆ ಬಂದು ಹೇಳಿದರೆ ಅತ್ತೆಗೆ ನಂಬಿಕೆಯೇ ಇಲ್ಲ.

"ಎಲೆಅಡಿಕೆಗೆ ಸುಣ್ಣ ಹಚ್ಕೊಂಡು ತಿನ್ನೋಳು ನಾನು. ಸುಣ್ಣ ನಿನ್ನ ಭುಜಕ್ಕೆ ಹೋಗಿ ಕೂತ್ಕೊಳ್ತಾ?"

ಕೋಲಾರದ ಒಂದು ಕ್ಲಿನಿಕ್ಕಿಗೆ ಬೆಂಗಳೂರಿನಿಂದ ವಾರಕ್ಕೊಮ್ಮೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸೂಟ್‌ಕೇಸಿನಂಥ ಮೆಷಿನ್ ತರುತ್ತಿದ್ದರು. ಶಾಕ್‌ವೇವ್ ಅಂತೆ. ಕರೆಂಟು ಕೊಡುವುದಲ್ಲ, ಚರ್ಮದ ಮೇಲಿಂದ ಒತ್ತಡದ ಅಲೆಗಳನ್ನು ಒಳಗೆ ಕಳಿಸುವುದು. ಮುಳಬಾಗಿಲಿನಿಂದ ಬಸ್ಸು ಹತ್ತಿ ಹೋದೆ. ಭುಜಕ್ಕೆ ತಣ್ಣನೆಯ ಜೆಲ್ ಸವರಿ, ಟಾರ್ಚಿನಂಥದ್ದನ್ನು ಒತ್ತಿಹಿಡಿದರು. ಟಕಟಕಟಕ ಎಂದು ಮರಕುಟಿಗ ಕುಟ್ಟಿದ ಹಾಗೆ ಶುರುವಾಯಿತು. ನೋವಿರುವ ಜಾಗವನ್ನೇ ಹುಡುಕಿ ಕುಟ್ಟುತ್ತದೆ ಅದು. ಗೋಡೆಯ ಕ್ಯಾಲೆಂಡರಿನ ಗಣಪತಿಯ ಹೊಟ್ಟೆಗೆ ಸುತ್ತಿದ ಹಾವನ್ನು ದಿಟ್ಟಿಸುತ್ತಾ ಹಲ್ಲು ಕಚ್ಚಿ ಕೂತೆ.

"ಮನೆಯಲ್ಲಿ ಭಾರ ಎತ್ತುತ್ತೀರಾ?" ಎಂದರು ಡಾಕ್ಟರು.

"ಇಲ್ಲ ಸರ್."

ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ, ಅಷ್ಟೇ ಹೇಳಿದೆ. ನೀರಿನ ಕೊಡ, ಗ್ಯಾಸ್ ಸಿಲಿಂಡರು ಎಲ್ಲ ಯಜಮಾನರೇ ಎತ್ತುತ್ತಿದ್ದರು.

ಮತ್ತೆ ಮತ್ತೆ ಹೋದೆ. ಕುಟ್ಟಿಸಿಕೊಂಡ ಸಂಜೆ ಕೈ ಹಗುರ, ಎರಡು ದಿನ ಕಳೆಯುವುದರೊಳಗೆ ಮತ್ತದೇ ದಬ್ಬಣ. ಡಾಕ್ಟರ ಮುಖ ಸಣ್ಣಗಾಗುತ್ತಿತ್ತು. "ಹೀಗಾಗಬಾರದು. ಇದಕ್ಕೂ ಬಗ್ಗದಿದ್ದರೆ ಆಪರೇಷನ್ ಯೋಚನೆ ಮಾಡಬೇಕಾಗುತ್ತೆ," ಎಂದುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ತೆಲುಗಿನಲ್ಲೇ ಎಕ್ಕದ ಎಲೆಯ ಶಾಖ ಕೊಡಲು ಹೇಳಿದಳು. ಅಳು ಬಂತು, ಸಿಟ್ಟೂ ಬಂತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಅತ್ತೆಯ ಒಂಬತ್ತು ಗಜದ ಹತ್ತಿಸೀರೆ ಹಿಂಡಿ, ಮಡಿ ಕೋಲಿನ ತುದಿಗೆ ಸಿಕ್ಕಿಸಿ ಮೇಲಕ್ಕೆತ್ತಿದೆ. ನಮ್ಮ ನಡುಮನೆಯ ಸೂರಿಗೆ ಬಿದಿರ ಗಳ ಕಟ್ಟಿತ್ತು. ಮೈಲಿಗೆಯವರು ಯಾರೂ ತಗಲದಷ್ಟು ಎತ್ತರ. ಒದ್ದೆ ಸೀರೆಯನ್ನು ಕೋಲಿನಲ್ಲೇ ಗಳಕ್ಕೆ ಏರಿಸಿ, ಕೋಲಿನಲ್ಲೇ ಹರವಬೇಕು. ಅತ್ತೆಗೆ ಕಣ್ಣು ಮಂಜಾದ ಮೇಲೆ ಆ ಕೆಲಸ ನನ್ನದಾಗಿತ್ತು. ಸೀರೆ ಗಳ ದಾಟುವಾಗ ಭುಜ ಕಳಕ್ ಎಂದಿತು. ಮೆಷಿನ್ ಕುಟ್ಟಿದ ಅದೇ ಜಾಗ. ಕೋಲು ಹಿಡಿದು ಹಾಗೇ ನಿಂತುಬಿಟ್ಟೆ.

ಮುಂದಿನ ವಾರ ಡಾಕ್ಟರಿಗೆ ಹೇಳಿದೆ. ಮಡಿ ಕೋಲು ಅವರಿಗೆ ಗೊತ್ತಿಲ್ಲ. ಮೂಲೆಯಲ್ಲಿದ್ದ ಕೊಡೆ ತೆಗೆದು ಮಾಡಿ ತೋರಿಸಿದೆ.

"ಒದ್ದೆ ಸೀರೇನಾ? ದಿನಾನಾ? ಮತ್ತೆ ಯಾಕಮ್ಮಾ ಹೇಳಲಿಲ್ಲ?"

"ನೀವು ಭಾರ ಅಂದ್ರಿ ಸರ್. ಇದು ಬಟ್ಟೆ ಒಣಹಾಕೋದು."

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಮನೆಯಲ್ಲಿ ಯುದ್ಧ. ಗಳ ಕೆಳಗಿಳಿಸೋಣ ಎಂದರೆ ಯಜಮಾನರು, "ಬಂದೋರ ತಲೆಗೆಲ್ಲ ಸೀರೆ ತಗಲುತ್ತೆ ಕಣೇ," ಎಂದರು. ಹಿತ್ತಲಲ್ಲಿ ಹಾಕೋಣ ಎಂದರೆ ಅತ್ತೆ, "ಕಾಗೆ ಕೂತ್ರೆ?" ಎಂದರು.

"ಹಾಗಾದ್ರೆ ನನ್ನ ಭುಜ ಕುಯ್ಯಿಸ್ಕೊಂಡು ಬರ್ಲಾ?" ಎಂದೆ. ಆ ಮನೆಯಲ್ಲಿ ನಾನು ದನಿಯೆತ್ತಿದ್ದು ಅದೇ ಮೊದಲು.

ಬೋರ್‌ವೆಲ್ ಬಂದ ಮೇಲೆ ಬಾವಿಯ ರಾಟೆ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಭಾನುವಾರ ಯಜಮಾನರು ಅದನ್ನೇ ಉಜ್ಜಿ ಸೂರಿಗೆ ಬಿಗಿದು, ಗಳಕ್ಕೆ ಹಗ್ಗ ಕಟ್ಟಿದರು. ಹಗ್ಗ ಸಡಿಲಿಸಿದರೆ ಗಳ ಎದೆಮಟ್ಟಕ್ಕೆ ಇಳಿಯುತ್ತದೆ, ಎಳೆದರೆ ಮೇಲಕ್ಕೆ. ಅತ್ತೆ ಸುತ್ತು ಹಾಕಿ ನೋಡಿದರು.

"ಸರಿ, ಹಗ್ಗ ಎಳೆಯೋರ್ಯಾರು? ಕಂಡಕಂಡೋರು ಮುಟ್ಟಿದ್ರೆ ಮಡಿ ಉಳಿಯತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ನೀನೇ ಎಳಿಯಮ್ಮಾ. ಹಗ್ಗಕ್ಕೆ ಕಣ್ಣೇನೂ ಬೇಡ," ಎಂದರು. ಮರುದಿನದಿಂದ ನಾನು ಸೀರೆ ಹರವುವುದು, ಅತ್ತೆ ಹಗ್ಗ ಎಳೆಯುವುದು. ರಾಟೆ ಕಿರ್ರೆಂದಾಗಲೆಲ್ಲ, "ಸುಣ್ಣದ ಸೊಸೆ!" ಎಂದು ಗೊಣಗುತ್ತಿದ್ದರು.

ಮೆಷಿನ್ನಿಗೆ ಇನ್ನೂ ಕೆಲವು ಸಲ ಹೋದೆ. ಕೈ ಇಷ್ಟಿಷ್ಟೇ ಮೇಲೇರಿತು. ಮೊದಲು ಕಿವಿಯ ಮೇಲ್ತುದಿ, ಆಮೇಲೆ ನೆತ್ತಿ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಮಧ್ಯೆ ಮಧ್ಯೆ ಕೈ ಇಳಿಸಿ ಸುಧಾರಿಸಿಕೊಂಡು, ನನ್ನ ಜಡೆ ನಾನೇ ಹಾಕಿಕೊಂಡೆ. ಹುಬ್ಬು ಅದರ ಜಾಗದಲ್ಲೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಮಂಜುಗಣ್ಣಿಗೆ ಅದು ಹೇಗೆ ಕಂಡಿತೋ!

"ಬೈತಲೆ ಸೊಟ್ಟಗಿದೆ. ಮಧ್ಯಾಹ್ನ ಕೂತ್ಕೋ, ಬಿಚ್ಚಿ ಹಾಕ್ತೀನಿ."

"ಸೊಟ್ಟಗೇ ಇರ್ಲಿ ಬಿಡಿ ಅತ್ತೆ," ಎಂದು ಮಣೆಯನ್ನೆತ್ತಿ, ನೆಟ್ಟಗೆ ಮೇಲಿನ ಅಟ್ಟಕ್ಕೇ ಏರಿಸಿಬಿಟ್ಟೆ.