ಕೋಡಿಯ ಬಳಿಯ ಕಲ್ಲು

ಅಡುಗೆಮನೆಯ ಗೋಡೆಗೆ ತೂಗುಹಾಕಿರುವ, ನೀರು ಶುದ್ಧ ಮಾಡುವ ಯಂತ್ರ ಕೆಟ್ಟು ಎಂಟು ದಿನವಾಗಿತ್ತು. ನಾಲ್ಕು ಸಲ ಫೋನ್ ಮಾಡಿಸಿಕೊಂಡು ಮೊನ್ನೆ ಅಂತೂ ರಿಪೇರಿಯವನು ಬಂದ. ಯಂತ್ರದ ಹೊಟ್ಟೆ ಬಿಚ್ಚಿ, ಒಳಗಿನ ಉದ್ದನೆಯ ಬತ್ತಿಯಂಥದ್ದನ್ನು ಹೊರಗೆಳೆದು, "ನೋಡ್ರಿ ಮೇಡಮ್, ಎಷ್ಟ ಕೆಸರ ಹಿಡದೈತಿ" ಎಂದು ನನ್ನ ಮೂಗಿನ ಹತ್ತಿರವೇ ತಂದ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಬಂತು. ಎರೆಮಣ್ಣಿನ ಮೇಲೆ ಬಹಳ ದಿನ ನಿಂತ ಸಿಹಿನೀರಿನ ವಾಸನೆ, ಪಟಿಕ ತಿರುವಿದ ಮೇಲೂ ಕೊಡದ ತಳದಲ್ಲಿ ಉಳಿಯುತ್ತಿದ್ದ ವಾಸನೆ... ಬೈಗುಳ ಮರೆತುಹೋಯಿತು. ಹುಬ್ಬಳ್ಳಿಯ ಈ ಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತವಳಿಗೆ ಕೆರೆ ಕಾಯುವ ಕಾಕಾ ನೆನಪಾದರು.

ಎಪ್ಪತ್ತರ ದಶಕ. ನನ್ನ ಮೊದಲ ನೌಕರಿ ಮೊರಬದ ಶಾಲೆಯಲ್ಲಿ. ಆ ಸೀಮೆಯಲ್ಲಿ ಬಾವಿ ತೋಡಿದರೆ ಸವಳು ನೀರು. ಪಾತ್ರೆ ತಿಕ್ಕಬಹುದು, ಬಾಯಿಗೆ ಹಾಕಿದರೆ ಉಗುಳಬೇಕು. ಕುಡಿಯಲು ಮಳೆನೀರು ತುಂಬಿದ ಕೆರೆಯೊಂದೇ ಗತಿ. ಹಾಗಾಗಿ ಕೆರೆಗೊಬ್ಬ ಕಾವಲುಗಾರ. ಐವತ್ತು ದಾಟಿದ, ಕಟ್ಟಿಗೆಯಂಥ ಮೈಯ ಮನುಷ್ಯ. ತಲೆಗೆ ಮಾಸಿದ ರುಮಾಲು, ಬಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ದನ ಇಳಿಯಬಾರದು, ಬಟ್ಟೆ ಒಗೆಯಬಾರದು, ಚಪ್ಪಲಿ ಕಾಲಲ್ಲಿ ಪಾವಟಿಗೆಯ ಮೆಟ್ಟಿಲು ಮುಟ್ಟಬಾರದು. ಮೊದಲನೇ ದಿನವೇ ನನಗೂ ಒಂದು ಗದರಿಕೆ ಬಿತ್ತು. "ಏ, ಕೆರವು ಕಳದ ಇಳೀಬೇ!" ಹಿಂದಿನಿಂದ ಯಾರೋ "ಸಾಲೀಗೆ ಬಂದ ಹೊಸಾ ಅಕ್ಕೋರು ಅವರು" ಎಂದಾಗ ಕಾಕಾ, "ಅಕ್ಕೋರಾದ್ರ ಏನಾತು, ಕಳದ ಇಳೀರಿ" ಎಂದು ಬರೀ ಒಂದು 'ರಿ' ಸೇರಿಸಿದರು. ಅಷ್ಟೇ ರಿಯಾಯಿತಿ.

ಹುಬ್ಬಳ್ಳಿಯಲ್ಲಿದ್ದ ನನ್ನಣ್ಣ ತಾನು ಓದಿ ಮುಗಿಸಿದ ಇಂಗ್ಲಿಷ್ ಪತ್ರಿಕೆಗಳನ್ನು ವಾರಕ್ಕೊಮ್ಮೆ ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ. ಒಂದು ಸಂಜೆ ಆ ಕಟ್ಟು ಬಗಲಲ್ಲಿಟ್ಟುಕೊಂಡು, ಕೊಡ ಹಿಡಿದು ಕೆರೆಗೆ ಹೋಗಿದ್ದೆ. ಕಾಕಾ ಎದ್ದು ಬಂದರು.

"ಅಕ್ಕೋರ, ಒಂದ ಮಾತ ಕೇಳ್ಲೇನ್ರಿ? ಸಮುದ್ರದ ನೀರೂ ನಮ್ಮ ಬಾವಿ ನೀರಿನಂಗ ಸವಳ ಅಂತಾರಲ್ಲ, ಖರೆ ಏನ್ರಿ?"

"ಖರೆ. ಇದಕ್ಕಿಂತಾ ಹೆಚ್ಚು."

"ಹಂಗಾರ ಅಂವ ಕುಡಿಯಾಕ ಏನ ಮಾಡ್ತಾನು?"

ಯಾವ ಅಂವ? ಕೇಳಿದರೆ ಕಥೆ ಬಿಚ್ಚಿಕೊಂಡಿತು. ನನಗಿಂತ ಮುಂಚೆ ಇದ್ದ ಮಾಸ್ತರರೊಬ್ಬರು, ಒಬ್ಬನೇ ಮನುಷ್ಯ ಹಾಯಿದೋಣಿಯಲ್ಲಿ ಭೂಮಿ ಸುತ್ತಲು ಹೊರಟಿದ್ದಾನೆಂದು ಕಾಕಾಗೆ ಪತ್ರಿಕೆ ಓದಿ ಹೇಳಿದ್ದರಂತೆ. ದೋಣಿ ಆಫ್ರಿಕಾದ ತುದಿಗೆ ಬರುವಷ್ಟರಲ್ಲಿ ಮಾಸ್ತರರಿಗೆ ವರ್ಗವಾಯಿತು. ತಿಳಿದುಕೊಂಡು ಬರೆಯುತ್ತೇನೆ ಎಂದು ಹೋದವರು ಬರೆಯಲಿಲ್ಲ. ಕಾಕಾ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಕೆರೆಯ ಮೊದಲನೇ ಮೂಲೆ, ಅಲ್ಲೊಂದು ಜಾಲಿ ಗಿಡ. ಅದರ ಬುಡದಲ್ಲಿ ಸುಣ್ಣ ಬಳಿದ ಒಂದು ಕಲ್ಲು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡದು. ನೀರಿಗಿಳಿಯುವ ಪಾವಟಿಗೆ ಆ ನಾವಿಕನ ಊರಂತೆ, ಕೆರೆಯ ಏರಿ ಭೂಮಿಯಂತೆ, ಕಲ್ಲು ದೋಣಿಯಂತೆ. ಅವನು ನಡೆದಷ್ಟು ಇದೂ ನಡೆಯಬೇಕು. ಎರಡು ವರ್ಷದಿಂದ ಕಲ್ಲು ಜಾಲಿ ಗಿಡದ ಹತ್ತಿರವೇ ನಿಂತಿತ್ತು.

ಅವನು ಸುಖವಾಗಿ ಮನೆ ಮುಟ್ಟಿದ್ದು ನನಗೆ ಗೊತ್ತಿತ್ತು, ಕಾಲೇಜಿನಲ್ಲಿದ್ದಾಗ ಓದಿದ್ದೆ. ಹೇಳಿದೆ. ಕಾಕಾ ರುಮಾಲು ಬಿಚ್ಚಿ ಹೆಗಲಿಗೆ ಹಾಸಿ, ಕಲ್ಲನ್ನು ಎತ್ತಿಟ್ಟುಕೊಂಡು ಹೊರಟೇಬಿಟ್ಟರು. ಜಾಲಿ ಗಿಡದಿಂದ ಪಾವಟಿಗೆಗೆ ಹಿಂದಿರುಗಿದರೆ ನಾಲ್ಕು ಮಾರು. ಆದರೆ ಕಾಕಾ ಹಿಂದಿರುಗಲಿಲ್ಲ. ಮುಂದಿನ ಮೂರೂ ದಂಡೆ ಸುತ್ತಿ, ಏದುಸಿರು ಬಿಡುತ್ತಾ, ನಡುವೆ ಒಂದೂ ಕಡೆ ಇಳಿಸದೆ ಪಾವಟಿಗೆಗೆ ತಂದು ಇಟ್ಟರು. ನೀರಿಗೆ ಬಂದ ಹೆಂಗಸರಿಗೆಲ್ಲ ಅವತ್ತು ಕಾಕಾನ ಕೈಯಿಂದ ಬೆಲ್ಲ. "ಮುಟ್ಟಿದಾನಬೇ, ನಮ್ಮಾಂವ ಮುಟ್ಟಿದಾನ!" ನಮ್ಮಾಂವ ಯಾರೆಂದು ಯಾರೂ ಕೇಳಲಿಲ್ಲ, ಬೆಲ್ಲ ತಿಂದರು. ಬರೆಯದೆ ಹೋದ ಆ ಮಾಸ್ತರರ ಮೇಲೆ ನನಗೆ ಸಿಟ್ಟು ಬಂದಿತ್ತು. ಎಂಥ ಮನುಷ್ಯ, ಒಂದು ಕಾರ್ಡು ಹಾಕಲು ಏನು ಧಾಡಿ ಅನ್ನಿಸಿತ್ತು.

ಕುಡಿಯುವ ನೀರಿನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ಕಟ್ಟುಗಳನ್ನೆಲ್ಲ ಹುಡುಕಿದ ಮೇಲೆ ಕಡೆಗೊಂದು ಕಡೆ ಸಿಕ್ಕಿತು. ಹಾಯಿಬಟ್ಟೆಯ ಮೇಲೆ ಬಿದ್ದ ಮಳೆನೀರನ್ನು ಡಬ್ಬಿಗೆ ಹಿಡಿದುಕೊಳ್ಳುತ್ತಾರಂತೆ. ಕಾಕಾಗೆ ಬಹಳ ಸಮಾಧಾನವಾಯಿತು. "ಅಂದ್ರ ನಮ್ಮಂಗ ಆತಲ್ರಿ" ಎಂದರು. ಅಂದಿನಿಂದ ಮಳೆ ಬಂದಾಗಲೆಲ್ಲ ಅವರಿಗೆ ಎರಡು ಕಡೆಯ ಸಂತೋಷ.

ಮುಂದಿನ ದಸರೆಯ ಹೊತ್ತಿಗೆ ಇನ್ನೊಬ್ಬ ಹೊರಟ. ಇಂಗ್ಲೆಂಡಿನ ಒಬ್ಬ ಸಾಮಾನ್ಯ ಮನುಷ್ಯ, ಐವತ್ತು ದಾಟಿದವನು. ವಯಸ್ಸು ಹೇಳಿದ್ದೇ ತಡ, ಕಾಕಾ ಅವನನ್ನು ಮನೆಯವನನ್ನಾಗಿ ಮಾಡಿಕೊಂಡರು. ಈ ಸಲ ಭೂಗೋಳ ಕಲಿಸುವ ಅಕ್ಕೋರು ಜೊತೆಗಿದ್ದೆನಲ್ಲ, ಏರಿಯ ಮೇಲೆ ಸರಿಯಾದ ಗುರುತು ಮಾಡಿಕೊಟ್ಟೆ. ಜಾಲಿ ಗಿಡ ಆಫ್ರಿಕಾದ ತುದಿ. ಹಳ್ಳದ ನೀರು ಕೆರೆಗೆ ಬರುವ ಜಾಗ ಆಸ್ಟ್ರೇಲಿಯಾದ ಕೆಳಗಿನ ಸಮುದ್ರ. ಆಮೇಲೆ ದಕ್ಷಿಣ ಅಮೆರಿಕದ ತುದಿ, ಕೇಪ್ ಹಾರ್ನ್. ಅದು ಎಲ್ಲಕ್ಕಿಂತ ಕೆಟ್ಟ ಜಾಗ, ಎಷ್ಟೋ ಹಡಗು ಮುಳುಗಿವೆ ಎಂದೆ. ಹಾರ್ನ್ ಅಂದರೆ ಏನೆಂದು ಕೇಳಿದರು. ಕೋಡು ಎಂದೆ. ಕಾಕಾ ಅದನ್ನು ಕೋಡಿ ಎಂದು ಕೇಳಿಸಿಕೊಂಡರು.

ಕೆರೆ ತುಂಬಿದಾಗ ಹೆಚ್ಚಾದ ನೀರು ಧುಮುಕುವ ಕೋಡಿ ಏರಿಯ ಕೊನೆಯಲ್ಲಿತ್ತು, ಪಾವಟಿಗೆಯಿಂದ ಐವತ್ತು ಹೆಜ್ಜೆ ದೂರ. ಕೇಪ್ ಹಾರ್ನ್ ಅಲ್ಲಿಗೇ ಹೋಯಿತು. ಕೋಡು ಬೇರೆ, ಕೋಡಿ ಬೇರೆ, ಅಲ್ಲಿಂದ ಅವನ ಊರಿಗೆ ಇನ್ನೂ ಸಾವಿರಾರು ಮೈಲು ಎಂದು ನಾನು ಹೇಳಿಯೇ ಹೇಳಿದೆ.

"ಇರಲಿ ಬಿಡ್ರಿ ಅಕ್ಕೋರ" ಎಂದರು ಕಾಕಾ. "ಕೆರಿಯಾಗ ಕೋಡಿಗಿಂತಾ ಕೆಟ್ಟ ಜಾಗಾ ಎಲ್ಲೈತ್ರಿ? ಅದನ್ನ ದಾಟಿದ್ರ ಮನಿಗೆ ಬಂದಂಗ ತಗೋರಿ."

ದಿನಾ ಬೆಳಿಗ್ಗೆ ಕಲ್ಲು ಮುಂದೆ ಸಾಗುತ್ತಿತ್ತು. ಸುದ್ದಿ ಬರುವುದು ಎಂದೋ ಒಮ್ಮೆ, ಉಳಿದ ದಿನ ಕಾಕಾನ ಅಂದಾಜು. ಏರಿಯ ಮೇಲೆ ಗಾಳಿ ಜೋರಾಗಿದ್ದರೆ ಒಂದು ಮೊಳ, ಇಲ್ಲದಿದ್ದರೆ ಒಂದು ಗೇಣು. ಮೊರಬದ ಗಾಳಿಗೂ ಅಲ್ಲಿನ ಗಾಳಿಗೂ ಸಂಬಂಧವಿಲ್ಲ ಎಂದರೆ, "ಗಾಳಿಗೂ ಊರಿಂದೂರಿಗೆ ಗಡಿ ಕಲ್ಲ ನೆಟ್ಟಾರೇನ್ರಿ?" ಎನ್ನುತ್ತಿದ್ದರು. ಭಾನುವಾರ ನನ್ನ ಕಟ್ಟು ಬಂದ ಮೇಲೆ ಲೆಕ್ಕ ತಪ್ಪಿದ್ದರೆ ಸರಿ ಮಾಡುವುದು. ನಿಜ ಹೇಳಬೇಕೆಂದರೆ ಆಗಾಗ ನನಗೆ ಬೇಸರವೂ ಆಗುತ್ತಿತ್ತು. ವಾರವಿಡೀ ಮಕ್ಕಳ ಗದ್ದಲದಲ್ಲಿ ದಣಿದು ಬಂದವಳಿಗೆ ಭಾನುವಾರವೂ ಪತ್ರಿಕೆಯ ಮೂಲೆಮೂಲೆ ಹುಡುಕುವ ಕೆಲಸ. ಒಮ್ಮೆ ಕೇಳಿಯೂಬಿಟ್ಟೆ, "ಕಾಕಾ, ಅಂವ ನಿಮಗ ಏನ ಆಗಬೇಕು?"

ಕಾಕಾ ನೀರು ನೋಡುತ್ತಾ ಕುಳಿತಿದ್ದರು. "ಒಬ್ಬಾಂವ ನೀರಿನ ಮುಂದ ದಿನಗಟ್ಲೆ ಕುಂದ್ರೂದು ಏನಂತ ನನಗ ಗೊತ್ತೈತ್ರಿ" ಎಂದರು. "ಇಲ್ಲಿ ನನ್ನ ಬೈಯಾಕರ ನಾಕ ಮಂದಿ ಬರ್ತಾರ. ಪಾಪ, ಅಂವಗ ಅದೂ ಇಲ್ಲ."

ಆಮೇಲೆ ನಾನು ಹಾಗೆ ಕೇಳಲಿಲ್ಲ.

ಶಿವರಾತ್ರಿಯ ಸುಮಾರಿಗೆ ಒಂದು ಸುದ್ದಿ ಬಂತು. ಹಾರ್ನ್ ಭೂಶಿರದ ಈಚೆ ಒಂದು ಸರಕು ಹಡಗಿನವರು ಅವನನ್ನು ಕಂಡಿದ್ದರು, ಹವೆ ಕೆಟ್ಟಿತ್ತು. ಅದೇ ಕೊನೆ. ಮುಂದಿನ ಕಟ್ಟಿನಲ್ಲಿ ಇಲ್ಲ, ಅದರ ಮುಂದಿನದರಲ್ಲೂ ಇಲ್ಲ. ಕಲ್ಲು ಕೋಡಿಯ ಈಚೆ ದಂಡೆಗೆ ಬಂದು ನಿಂತಿತು. ಅಂದಾಜಿನ ಮೇಲೆ ಅರ್ಧ ಭೂಮಿ ದಾಟಿಸಿದ್ದ ಕಾಕಾ ಇಲ್ಲಿ ಮಾತ್ರ ಒಂದು ಗೇಣೂ ಸರಿಸಲಿಲ್ಲ. "ಕೋಡಿ ದಾಟಸೂದು ನನ್ನ ಕೈಯಾಗಿನ ಮಾತಲ್ರಿ" ಎಂದುಬಿಟ್ಟರು. ಬೇಸಿಗೆ ಹೋಯಿತು. ಪ್ರತಿ ಭಾನುವಾರ ನಾನು ಬರುವ ದಾರಿ ನೋಡುತ್ತಿದ್ದರು. ದೂರದಿಂದಲೇ ನನ್ನ ಮುಖ ನೋಡಿ ತಿಳಿದುಕೊಂಡು, ಏನೂ ಕೇಳದೆ ಯಾರದೋ ಎಮ್ಮೆಯನ್ನು ಬೈಯುತ್ತಾ ಆಚೆ ಹೋಗುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಎಷ್ಟೋ ವರ್ಷದ ಮೇಲೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಬಂದಿತ್ತು. ನಾನು ಹೋದಾಗ ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತು, ಕಲ್ಲಿಗೆ ಹಗ್ಗ ಬಿಗಿದು ಬದಿಯ ಬೇವಿನ ಗಿಡಕ್ಕೆ ಕಟ್ಟುತ್ತಿದ್ದರು. ಕೊಚ್ಚಿಹೋಗಬಾರದೆಂದು. ನೋಡಿದ ಹುಡುಗಿಯರಿಗೆಲ್ಲ ನಗು. ಎತ್ತಿ ಮೇಲಿಡಬಾರದೇ ಎಂದೆ.

"ಸಮುದ್ರದಾಗ ಇದ್ದಾಂವನ್ನ ತಂದು ದಂಡೀ ಮ್ಯಾಲೆ ಹೆಂಗ ಇಡ್ಲಿ ಅಕ್ಕೋರ? ಸುಳ್ಳ ಹೇಳಿದಂಗ ಆಗತೈತಿ."

ನಾನು ನಗಲಿಲ್ಲ.

ದಸರೆಯ ರಜೆಯಲ್ಲಿ ನನ್ನ ಮದುವೆಯಾಯಿತು. ಕುಂದಗೋಳಕ್ಕೆ ವರ್ಗ ಮಾಡಿಸಿಕೊಂಡೆ, ಗಂಡನ ಮನೆ ಅಲ್ಲಿಯೇ. ಸಾಮಾನು ಕಟ್ಟಿದ ದಿನ ಕಾಕಾ ಬಸ್ ನಿಲ್ದಾಣದವರೆಗೆ ಬಂದರು. ಕೆರೆ ಬಿಟ್ಟು ಅಷ್ಟು ದೂರ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂದ ಕಾರ್ಡ್ ಹಾಕ್ರಿ ಅಕ್ಕೋರ. ಮುಟ್ಟಿದ್ರ ಮುಟ್ಟಿದಾ ಅಂತ, ಇಲ್ಲಂದ್ರ ಇಲ್ಲಂತ. ಕಲ್ಲ ಎಲ್ಲಿ ಇಡಬೇಕಂತ ಗೊತ್ತಾದ್ರ ಸಾಕು."

"ಖಂಡಿತಾ ಹಾಕ್ತೀನಿ ಕಾಕಾ."

"ಮಾಸ್ತರ ಹಾಕಲಿಲ್ಲ. ನೀವು ಹಂಗ ಮಾಡಾಂಗಿಲ್ಲ ಬಿಡ್ರಿ" ಎಂದರು. ಬಸ್ಸು ಹೊರಟಿತು.

ದೀಪಾವಳಿಯ ಮರುದಿನ ಸುದ್ದಿ ಓದಿದೆ. ಪುಟದ ಕೆಳಗೆ ನಾಲ್ಕು ಸಾಲು. ಹಾರ್ನ್ ಹತ್ತಿರ ಹಾಯಿಯ ಕಂಬ ಮುರಿದು, ರೇಡಿಯೊ ಕೆಟ್ಟು, ಜನರಿಲ್ಲದ ಯಾವುದೋ ಕೊಲ್ಲಿಯಲ್ಲಿ ತಿಂಗಳುಗಟ್ಟಲೆ ನಿಂತು, ತಾನೇ ಕಂಬ ಜೋಡಿಸಿಕೊಂಡು, ಕುಂಟುತ್ತಾ ಮನೆ ಮುಟ್ಟಿದ್ದ. ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಅವತ್ತೇ ಒಂದು ಕಾರ್ಡು ತರಿಸಿದೆ, ವಿಳಾಸ ಬರೆದೆ. ವಿಷಯ ಆಮೇಲೆ ನಿಧಾನವಾಗಿ, ಚೆನ್ನಾಗಿ ಬರೆಯೋಣವೆಂದು ಪುಸ್ತಕದಲ್ಲಿಟ್ಟೆ.

ಯಾಕೆ ಬರೆಯಲಿಲ್ಲ? ಈಗ ಎಷ್ಟು ಕೆದಕಿದರೂ ದೊಡ್ಡ ಕಾರಣ ಸಿಗುವುದಿಲ್ಲ. ಹೊಸ ಶಾಲೆ, ತುಂಬಿದ ಮನೆ, ಬೆಳಿಗ್ಗೆ ರೊಟ್ಟಿ ಬಡಿದು ಓಡುವುದು, ಸಂಜೆ ಬಂದು ಮತ್ತೆ ಬಡಿಯುವುದು, ಆಮೇಲೆ ಬಸಿರು, ವಾಂತಿ. ದಣಿದಿದ್ದೆ, ಅಷ್ಟೇ. ನಾಳೆ ಬರೆದರಾಯಿತು ಎಂದುಕೊಂಡೆ. ಬರೆಯಬೇಕಾದದ್ದು ಒಂದೇ ಶಬ್ದ. ಆರು ತಿಂಗಳಾದ ಮೇಲೆ ನಾಚಿಕೆ ಶುರುವಾಯಿತು, ಇಷ್ಟು ತಡವಾಗಿ ಏನೆಂದು ಬರೆಯುವುದು? ವರ್ಷ ಕಳೆದ ಮೇಲೆ, ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮೊರಬದಲ್ಲಿ ಯಾರು ಹೇಳುತ್ತಾರೆ...

ನಿವೃತ್ತಿಯಾಗಿ ಎಷ್ಟೋ ದಿನದ ಮೇಲೆ, ಮೊರಬದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯ ವಾಸ್ತುಶಾಂತಿಗೆ ಕರೆದಳು. ಅವಳ ಕೂದಲೂ ಬೆಳ್ಳಗಾಗಿತ್ತು. ಊಟವಾದ ಮೇಲೆ ಅವಳೇ ನನ್ನನ್ನು ಕೆರೆಗೆ ಕರೆದುಕೊಂಡು ಹೋದಳು. ಈಗ ಮನೆಮನೆಗೆ ನಳ. ಕೆರೆಗೆ ಕಾವಲಿಲ್ಲ, ಏರಿಗೆಲ್ಲ ಸಿಮೆಂಟು. ನಾನು ಚಪ್ಪಲಿ ಬಿಟ್ಟೆ. ಅವಳು ಯಾಕೆಂದು ಕೇಳದೆ ತಾನೂ ಬಿಟ್ಟಳು.

ಕೋಡಿಯ ಈಚೆ, ಬೇವಿನ ಗಿಡ ಇದ್ದ ಜಾಗದಲ್ಲಿ, ಸಿಮೆಂಟಿನ ನಡುವೆ ಕಲ್ಲು ಅರ್ಧ ಹೂತು ಕುಳಿತಿತ್ತು. ಒಂದೆರಡು ಕಡೆ ಸುಣ್ಣದ ಚೂರು.

"ವರ್ಷಾ ದೀಪಾವಳಿಗೆ ಸುಣ್ಣಾ ಹಚ್ಚತಿದ್ದಾರಿ ಕಾಕಾ" ಎಂದಳು. "ಅಕ್ಕೋರ ಕಾರ್ಡ್ ಬರತೈತಿ, ಅಲ್ಲೀತನಕಾ ಯಾರೂ ಮುಟ್ಟಬ್ಯಾಡ್ರಿ ಅಂತಿದ್ದಾ. ಏರಿ ಕಟ್ಟೂ ಮುಂದ ಗೌಂಡಿಗೆ ನಾವ ಹೇಳಿದ್ವಿ, ಕಲ್ಲ ಇದ್ದಲ್ಲೇ ಇರಲಿ ಅಂತ. ಅದಕ್ಕ ಸುತ್ತಲೂ ಸಿಮೆಂಟ್ ಹಾಕಿದ್ರು."

ನಾನು ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟೆ. ಅಲುಗಾಡುವಂಥದ್ದಲ್ಲ. ಅಲ್ಲಿಂದ ಪಾವಟಿಗೆ ಕಾಣುತ್ತಿತ್ತು, ಐವತ್ತೇ ಹೆಜ್ಜೆ.

"ಅಕ್ಕೋರ, ಕಡೀಕೆ ಅಂವ ಮುಟ್ಟಿದ್ನೇನ್ರಿ?"

"ಮುಟ್ಟಿದಾ."

"ಹೌದ? ಯಾವಾಗ್ರಿ?"

ಸುಳ್ಳು ಹೇಳಬಹುದಿತ್ತು. ಅದೇ ಜಾಗದಲ್ಲಿ ಸುಳ್ಳು ಬೇಡವೆಂದು ಒಬ್ಬರು ನೀರಿನಲ್ಲಿ ನಿಂತಿದ್ದರು. "ಅದ ವರ್ಷ" ಎಂದೆ. "ನಾ ಹೋದ ಮ್ಯಾಲೆ ಬಂದ ದೀಪಾವಳಿಗೆ."

ಅವಳು ಬೈಯುವ ದನಿಯಲ್ಲಲ್ಲ, ಲೆಕ್ಕ ಹಾಕುವವಳಂತೆ ಹೇಳಿದಳು. "ಕಾಕಾ ಅದರ ಮ್ಯಾಲೆ ಹತ್ತ ಹನ್ನೆರಡ ವರ್ಷ ಇದ್ದಾ ಅಲ್ರಿ..."

ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆವು.

ರಿಪೇರಿಯವನು ಹೊಸ ಬತ್ತಿ ಕೂರಿಸಿ, ಮುಚ್ಚಳ ತಿರುಪಿ, ಒಂದು ಲೋಟ ನೀರು ಹಿಡಿದು ನನ್ನ ಕೈಗೆ ಕೊಟ್ಟ. "ಕುಡದ ನೋಡ್ರಿ ಮೇಡಮ್, ವಾಸನಿ ಹೋತಿಲ್ಲೋ." ಕುಡಿದೆ. ಯಾವ ವಾಸನೆಯೂ ಇರಲಿಲ್ಲ. ಹೋಯಿತು ಎಂದೆ.