ಮೇಲಿನ ಸಾಲಿನ ಚಲೋ ಮಾಲು

ಕೆಟ್ಟು ಕೂತ ಯಂತ್ರ ಕಂಡರೆ ಐಗಳಿಯ ಭೀಮಸಿಯ ಕೈ ಸುಮ್ಮನಿರುವುದಿಲ್ಲ. ಒಣದ್ರಾಕ್ಷಿ ಮಾರಲು ಸಾಂಗ್ಲಿಗೆ ಹೋದವನು ಈ ಸಲ ಗುಜರಿ ಅಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ ಹಳೇ ಲ್ಯಾಪ್‌ಟಾಪ್ ಹೊತ್ತು ತಂದ.

"ಮನ್ಯಾಗ ಮಿಕ್ಸರ್ ಬಂದ್ ಬಿದ್ದೈತಿ, ಮೊದಲ ಅದನ್ನ ನೋಡ್ರಿ" ಎಂದಳು ಹೆಂಡತಿ ತಾರವ್ವ. ಭೀಮಸಿಗೆ ಕೇಳಿಸಲಿಲ್ಲ. ಬೇಡದ್ದು ಅವನಿಗೆ ಎಂದೂ ಕೇಳಿಸುವುದಿಲ್ಲ.

ಸುಟ್ಟ ವೈರು ಬದಲಿಸಿದ. ಒಳಗಿನ ಧೂಳು ಗುಡಿಸಿದ. ಅಕ್ಷರದ ಗುಂಡಿಗಳನ್ನೆಲ್ಲ ಕಿತ್ತು, ಸಾಬೂನು ನೀರಿನಲ್ಲಿ ತೊಳೆದು, ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಲೆಯ ಮೇಲೆ ಹರವಿದ. ತಿರುಗಿ ಕೂರಿಸಲು ಹೋದರೆ ಯಾವುದು ಎಲ್ಲಿತ್ತೆಂಬುದೇ ನೆನಪಿಲ್ಲ! ಆದರೆ ಕೈಗೆ ರೂಢಿಯಿತ್ತು. ಅಚ್ಚು ಅಳಿಯದ ಗುಂಡಿಗಳನ್ನು ಮೇಲಿನ ಸಾಲಿಗಿಟ್ಟು, ಮಾಸಿದವನ್ನು ಕೆಳಗೆ ತಳ್ಳಿದ. ಒಣದ್ರಾಕ್ಷಿಯ ಬಾಕ್ಸ್ ತುಂಬುವಾಗಲೂ ಅವನದು ಅದೇ ಪದ್ಧತಿ: ಹೊಳೆಯುವ ಮಾಲು ಮೇಲಕ್ಕೆ, ಕಪ್ಪು ಬಿದ್ದದ್ದು ತಳಕ್ಕೆ.

ಚಾಲೂ ಮಾಡಿದಾಗ ಲ್ಯಾಪ್‌ಟಾಪ್ ಮುದುಕನಂತೆ ನರಳಿ ಕಣ್ಣು ಬಿಟ್ಟಿತು.

"ಬದುಕಿತಲಾ! ತಡಿ, ನಿನ್ನ ಹೆಸರ ಬರೀತೀನಿ" ಎಂದು ಭೀಮಸಿ ಹೆಂಡತಿಗೆ ಹೇಳಿ, ಒಂದೊಂದೇ ಗುಂಡಿ ಹುಡುಕಿ ಒತ್ತಿದ. ಪರದೆಯ ಮೇಲೆ ಮೂಡಿದ್ದು ಯಾವ ದೇಶದ ಹೆಂಗಸಿನ ಹೆಸರೋ ದೇವರಿಗೇ ಗೊತ್ತು. ಅಳಿಸಿ ಮತ್ತೆ ಬರೆದ. ಮತ್ತೆ ಅದೇ ಹೆಂಗಸು!

ಭೀಮಸಿ ರೇಗಿದ: "ಮ್ಯಾಲ ನೋಡಿದ್ರ ಒಂದು, ಒಳಗ ಇನ್ನೊಂದು! ಯಾವ ಕಳ್ಳ ಮಾಲ್ ಇದು?"

ತಾರವ್ವ ಗುಂಡಿಗಳ ಸಾಲು ನೋಡಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ನಿಮ್ಮ ಬಾಕ್ಸ್ ಬಿಚ್ಚಿದಾಗ ಸಾಂಗ್ಲಿ ವ್ಯಾಪಾರಿನೂ ಹಿಂಗ ಅಂತಿರಬೇಕ ನೋಡ್ರಿ."