ಪರ್ಮಿಟ್ಟಿನ ಹಿಂಬದಿಯ ಕವಿತೆಗಳು

ಕುವೈತಿನ ಶುಐಬಾದ ನಮ್ಮ ಎಣ್ಣೆ ಟ್ಯಾಂಕುಗಳ ಸೈಟಿನಲ್ಲಿ ವೆಲ್ಡಿಂಗ್ ನಡೆಯುವಾಗ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ನಿಂತಿರಲೇಬೇಕು. ಕಿಡಿ ಎಲ್ಲಿ ಬೀಳುತ್ತದೆಂದು ನೋಡುವುದಷ್ಟೇ ಅವನ ಕೆಲಸ. ಹಾಗೆ ನೋಡುತ್ತ ನಿಂತವನೊಬ್ಬ ಹಿಂದಿ ಕವಿ. ಬರೆಯಲು ಅವನ ಕೈಗೆ ಸಿಗುತ್ತಿದ್ದ ಕಾಗದ ಒಂದೇ, ಆ ದಿನದ ಕೆಲಸಕ್ಕೆ ಅನುಮತಿ ಕೊಡುವ ವರ್ಕ್ ಪರ್ಮಿಟ್. ಸಂಜೆ ಅದು ಗುಮಾಸ್ತನಾದ ನನ್ನ ಮೇಜಿಗೆ ಬರುತ್ತಿತ್ತು. ಮುಂದೆ ಸಹಿ, ಸೀಲು. ಹಿಂದೆ ಪೆನ್ಸಿಲ್ಲಿನಲ್ಲಿ ಕವಿತೆ.

"ಒಂದು ಕಾಪಿ ಇಟ್ಟುಕೊಳ್ಳಿ ಭಾಯಿ" ಎಂದು ನಾನು ಹೇಳಿದರೆ ನಗುತ್ತಿದ್ದ. "ಕ್ಯಾಂಪಲ್ಲಿ ಅದರ ಮೇಲೆ ಚಹಾ ಲೋಟ ಇಡ್ತಾರೆ. ನಿನ್ನ ಫೈಲೇ ಗಟ್ಟಿ. ನೀನು ಪುಕ್ಕಲ, ಏನನ್ನೂ ಕಳೆಯೋದಿಲ್ಲ."

ಅವನು ತಿಳಿದದ್ದು ಅರ್ಧ ಸರಿ. ಅವನು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಆಡಿಟ್ ಬರುತ್ತದೆಂದು ಸುದ್ದಿಯಾಯಿತು. ಪರ್ಮಿಟ್ಟಿನ ಹಿಂಬದಿ ಓದುವ ಆಡಿಟರ್ ಇದುವರೆಗೆ ಹುಟ್ಟಿಲ್ಲ. ನನಗೆ ಮಾತ್ರ ಅಂಥವನೊಬ್ಬ ಹುಟ್ಟಿ, ಹಿಂದಿ ಕಲಿತು, ಕುವೈತಿಗೆ ಟಿಕೆಟ್ ತೆಗೆದಂತೆ ಕಂಡಿತು. ಮೂರು ಪೆಟ್ಟಿಗೆ ಪರ್ಮಿಟ್ಟುಗಳನ್ನು, ಇಟ್ಟಿರಬೇಕಾದ ಅವಧಿ ಮುಗಿಯುವ ಮೊದಲೇ, ಸಬ್ಹಾನಿಗೆ, ಕಾಗದ ಚೂರು ಮಾಡುವಲ್ಲಿಗೆ ಕಳಿಸಿಬಿಟ್ಟೆ. ಖಲಾಸ್.

ಆರು ತಿಂಗಳಿಗೆ ಅವನ ಫೋನು ಬಂತು. "ಪುಸ್ತಕ ಆಗ್ತಿದೆ ಭಾಯಿ! ಎಲ್ಲ ಫೋಟೊ ತೆಗೆದು ಕಳಿಸು."

"ಕಾಗದ ಸ್ಟೋರಿಗೆ ಹೋಗಿದೆ. ದಿನಾ ಓದಿ ಓದಿ ನನಗೆ ಬಾಯಿಪಾಠ ಇದೆ, ಹೇಳ್ತೇನೆ" ಎಂದೆ. ಮೊದಲನೆಯದು ಸುಳ್ಳು. ಎರಡನೆಯದು ಬಹುಪಾಲು ನಿಜ.

ಶುಕ್ರವಾರಗಳಂದು ನಾನು ಹೇಳುತ್ತ ಹೋದೆ, ಅವನು ಬರೆದುಕೊಂಡ. ಒಂದು ಕವಿತೆಯ ಕೊನೆಯ ಸಾಲು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಅವನು ಕಾಯುತ್ತಿದ್ದ. ಹೆದರಿಕೆಗೆ ಬಾಯಿಂದ ಏನೋ ಹೊರಟಿತು: ಕಿಸೀ ನೇ ಪುಕಾರಾ ನಹೀಂ, ಮೈಂ ಫಿರ್ ಭೀ ಮುಡಾ. ಯಾರೂ ಕರೆಯಲಿಲ್ಲ, ಆದರೂ ನಾನು ತಿರುಗಿದೆ. ಆ ಕಡೆ ಪೆನ್ನು ಕಾಗದದ ಮೇಲೆ ಹರಿದದ್ದು ಕೇಳಿಸಿತು.

ಅಲ್ಲಿಂದ ಲಿಫ್ಟಿನಲ್ಲಿ, ಕಂಪನಿ ಬಸ್ಸಿನಲ್ಲಿ, ಹಲ್ಲುಜ್ಜುವಾಗ, ಅದೇ ಸಾಲು. ನಾವಿರುವ ಅಬು ಹಲೀಫಾದ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಬರುವಾಗ ಕಾರಣವಿಲ್ಲದೆ ಹಿಂದೆ ನೋಡುವುದು ರೂಢಿಯಾಯಿತು.

"ಇಷ್ಟು ಒದ್ದಾಡುವ ಬದಲು ಆ ಸಾಲು ನಿಮ್ಮದೂಂತ ಹೇಳಿಬಿಡಿ ಮಾರಾಯ್ರೆ" ಎಂದಳು ಹೆಂಡತಿ. "ಅವರೇನು ಫೋನಿಂದ ಹೊರಗೆ ಬಂದು ಹೊಡೀತಾರಾ?"

ಮುಂದಿನ ಶುಕ್ರವಾರ ಧೈರ್ಯ ಮಾಡಿದೆ. "ಭಾಯಿ, ಆ ಕೊನೆಯ ಸಾಲು ಇದೆಯಲ್ಲ..."

"ಚೆನ್ನಾಗಿ ನೆನಪಿದೆ" ಎಂದ. "ಟ್ಯಾಂಕಿನ ನೆರಳು, ಧೂಳು ಗಾಳಿ. ನೀನು ರಿಜಿಸ್ಟರ್ ಹಿಡಿದು ಬಂದು ನನ್ನ ಹಿಂದೆ ನಿಂತಿದ್ದೆ. ಕರೆಯಲಿಲ್ಲ. ನಾನೇ ತಿರುಗಿದೆ. ಅಲ್ವಾ?"

ಗ್ಯಾಸಿನ ಹೆದರಿಕೆಯಿಂದ ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ನಾನು ಆಫೀಸು ದಾಟಿ ಆ ಟ್ಯಾಂಕುಗಳ ಕಡೆ ಕಾಲಿಟ್ಟವನಲ್ಲ.

"ಹೌದು ಭಾಯಿ" ಎಂದೆ. "ನಾನೇ."

ಫೋನಿಟ್ಟ ಮೇಲೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು: "ಹೇಳಿದ್ರಾ?"

"ಅವನೇ ಹೇಳಿದ" ಎಂದೆ.